ಕೊಕ್ಕೋ, ವೆನಿಲ್ಲಾ ಮತ್ತು ಮಂಗಳೂರಿನ ಸೆಕೆಯಲ್ಲೊಂದು ಮಾರ್ಬಲ್ ಕೇಕ್

ಚಾಕಲೇಟ್, ವೆನಿಲ್ಲಾ ಎಂದರೆ ಎಲ್ಲೋ ದೂರದ ದೇಶದ ರುಚಿ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಎರಡೂ ಅಮೆರಿಕ ಖಂಡದಿಂದ ಬಂದವು, ನಿಜ. ಆದರೆ ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಕೊಕ್ಕೋ ಬೆಳೆಯುತ್ತದೆ. ಅದೇ ತೋಟದ ಬದಿಯಲ್ಲಿ ವೆನಿಲ್ಲಾ ಬಳ್ಳಿಯೂ ಹಬ್ಬುತ್ತದೆ. ಪುತ್ತೂರಿನ ಕಡೆ ನನ್ನ ಸೋದರಮಾವನ ತೋಟದಲ್ಲಿ ಇವತ್ತಿಗೂ ಎರಡೂ ಇವೆ. ಮಾವನ ಅರುವತ್ತನೇ ಹುಟ್ಟುಹಬ್ಬಕ್ಕೆ ಕೇಕ್ ಯಾರು ತರುವುದು ಎಂಬ ಮಾತು ಬಂದಾಗ, ನಾನೇ ಮಾಡಿಕೊಂಡು ಬರುತ್ತೇನೆ ಎಂದೆ. ಕಪ್ಪು, ಬಿಳಿ ಎರಡೂ ಬಣ್ಣ ಅವರ ಮಣ್ಣಿನದ್ದೇ ಇರಬೇಕು ಎಂಬುದು ನನ್ನ ಆಸೆ. ಹಾಗಾಗಿ ಬೇರೆ ಯಾವ ಕೇಕೂ ಮನಸ್ಸಿಗೆ ಬರಲಿಲ್ಲ. ಎರಡು ಬಣ್ಣದ ಹಿಟ್ಟು ಸುಳಿಸುಳಿಯಾಗಿ ಕೂರುವ ಮಾರ್ಬಲ್ ಕೇಕೇ ಆಗಬೇಕಿತ್ತು, ಅದೂ ಎರಡು ಪದರದ್ದು.

ವೆನಿಲ್ಲಾದ ವಿಷಯ ಮೊದಲು ಹೇಳುತ್ತೇನೆ. ನಮ್ಮ ಕಡೆಯವರಿಗೆ ಅದು ಬರೀ ಐಸ್‌ಕ್ರೀಮಿನ ಪರಿಮಳ ಅಲ್ಲ. 2000ದಲ್ಲಿ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಅಲ್ಲಿನ ವೆನಿಲ್ಲಾ ಬೆಳೆ ಹಾಳಾಯಿತು. ಪ್ರಪಂಚಕ್ಕೆ ಹೆಚ್ಚು ವೆನಿಲ್ಲಾ ಕೊಡುವ ಊರು ಅದು. ಬೆಲೆ ಏರುತ್ತಾ ಹೋಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಬೀನ್ಸಿಗೆ ಕಿಲೋಗೆ ₹3,000 ದಾಟಿತ್ತು. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಮಾರಿದರು. ರಾತ್ರಿ ಕಳ್ಳರು ಕೊಯ್ಯದ ಹಾಗೆ ತೋಟದಲ್ಲಿ ಟಾರ್ಚ್ ಹಿಡಿದು ಕಾವಲು ಕೂತರು. ಮಾವನೂ ಕೂತವರೇ. ಆಮೇಲೆ ಮಡಗಾಸ್ಕರ್‌ನಲ್ಲಿ ಬೆಳೆ ಮತ್ತೆ ಬಂತು. ಕಂಪನಿಗಳು ಕೃತಕ ಪರಿಮಳದ ಕಡೆ ತಿರುಗಿದವು. ಇಲ್ಲಿ ಬೆಲೆ ಪಾತಾಳಕ್ಕೆ ಬಿತ್ತು. ಹೆಚ್ಚಿನವರು ಬಳ್ಳಿ ಕಿತ್ತು ಹಾಕಿದರು. ಮಾವನೂ ಕಿತ್ತರು. ದನದ ಹಟ್ಟಿಯ ಹಿಂದೆ ಗ್ಲಿರಿಸೀಡಿಯಾ ಗಿಡಗಳಿಗೆ ಹಬ್ಬಿದ್ದ ಕೆಲವನ್ನು ಅತ್ತೆ ಮಾತ್ರ ಬಿಡಲಿಲ್ಲ.

ಆ ಬಳ್ಳಿಗಳನ್ನು ನೋಡಿಕೊಳ್ಳುವುದು ಸುಮ್ನೆ ಆಗುವ ಕೆಲಸ ಅಲ್ಲ. ವೆನಿಲ್ಲಾ ಹೂ ಅರಳಿದರೆ ಒಂದು ಬೆಳಗ್ಗೆ ಮಾತ್ರ. ಮಧ್ಯಾಹ್ನಕ್ಕೆ ಬಾಡಿ ಹೋಗುತ್ತದೆ. ಅದರ ಪರಾಗ ಮುಟ್ಟಿಸುವ ಜೇನು ನಮ್ಮ ದೇಶದಲ್ಲಿ ಇಲ್ಲ. ಹಾಗಾಗಿ ಒಂದೊಂದೇ ಹೂವನ್ನು ಕೈಯಲ್ಲಿ ಹಿಡಿದು, ಚಿಕ್ಕ ಕಡ್ಡಿಯಲ್ಲಿ ಒಳಗಿನ ತೆಳು ಪರದೆ ಎತ್ತಿ, ಪರಾಗವನ್ನು ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಂಡುಹಿಡಿದ ವಿಧಾನ ಇದು. ಅತ್ತೆ ಮಾಡುವುದೂ ಅದನ್ನೇ. ಆಮೇಲೆ ಬೀನ್ಸ್ ಬಲಿಯಲು ಎಂಟೊಂಬತ್ತು ತಿಂಗಳು. ಹಸಿ ಬೀನ್ಸಿಗೆ ಪರಿಮಳವೇ ಇಲ್ಲ. ಕುದಿಯದ ಬಿಸಿ ನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ, ಆಮೇಲೆ ನೆರಳಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕಪ್ಪಾಗಿ, ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ. ಐದಾರು ಕಿಲೋ ಹಸಿಯದ್ದು ಒಂದು ಕಿಲೋ ಆಗುತ್ತದೆ.

ಅತ್ತೆ ಅದನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಇಟ್ಟಿದ್ದರು. ಮುಚ್ಚಳ ತೆಗೆದಾಗ ಅಡುಗೆಮನೆ ಇಡೀ ಪರಿಮಳ.

"ಎಷ್ಟು ಬೇಕು?" ಎಂದು ಕೇಳಿದರು.

"ನಾಲ್ಕು ಸಾಕು ಅತ್ತೆ."

"ನಾಲ್ಕು ಎಂತಕ್ಕೆ ಸಾಕಾಗ್ತದೆ? ಹತ್ತು ತಕೊಂಡು ಹೋಗು. ಇಲ್ಲಿ ಯಾರಿಗೆ ಉಂಟು?"

ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ಮಾವ ಜಗಲಿಯಿಂದ ನೋಡಿ, "ಎಂತ ಮಾರಾಯ್ತಿ, ಅದರಲ್ಲಿ ಇನ್ನೂ ಎಂತದ್ದು ಮಾಡ್ಲಿಕ್ಕುಂಟು?" ಎಂದರು. ಅವರ ಹುಟ್ಟುಹಬ್ಬಕ್ಕೇ ಎಂದು ನಾನು ಹೇಳಲಿಲ್ಲ.

ಕೊಕ್ಕೋದ್ದು ಸುಲಭ. ಚಿಕ್ಕಂದಿನಲ್ಲಿ ನಾವು ಅದರ ಹಣ್ಣು ಒಡೆದು, ಬೀಜದ ಮೇಲಿನ ಹುಳಿಸಿಹಿ ಬಿಳಿ ತಿರುಳನ್ನು ಚೀಪಿ, ಬೀಜವನ್ನು ಉಗಿಯುತ್ತಿದ್ದೆವು. ಆ ಬೀಜವೇ ಚಾಕಲೇಟ್ ಎಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಹಸಿ ಬೀಜಕ್ಕೆ ಚಾಕಲೇಟಿನ ವಾಸನೆ ಒಂದಿಷ್ಟೂ ಇಲ್ಲ. ತಿರುಳಿನ ಸಮೇತ ರಾಶಿ ಹಾಕಿ ಐದಾರು ದಿನ ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೆ ಆ ರುಚಿ ಹುಟ್ಟುತ್ತದೆ. ಮಾವ ಹಸಿ ಬೀಜವನ್ನೇ ಕ್ಯಾಂಪ್ಕೋಗೆ ಕೊಡುತ್ತಾರೆ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಶುರುವಾದ ಸಹಕಾರಿ ಸಂಸ್ಥೆ ಅದು. 1986ರಿಂದ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರದ್ದೇ ಚಾಕಲೇಟ್ ಕಾರ್ಖಾನೆ ಇದೆ. ಅವರ ಕೊಕ್ಕೋ ಪುಡಿಯ ಪೊಟ್ಟಣವನ್ನೇ ತಂದೆ. ಅದರಲ್ಲಿ ಮಾವನ ತೋಟದ ಬೀಜ ಎಷ್ಟು ಎಂದು ಯಾರೂ ಬೇರೆ ಮಾಡಿ ಹೇಳಲಾರರು. ಆದರೆ ಅವರ ಬೀಜ ಹೋಗುವ ದಾರಿ ಅದೇ ಅಲ್ವಾ? ನನಗೆ ಅಷ್ಟು ಸಾಕಿತ್ತು. ಒಂದು ಮಾತು: ಹಾಲಿಗೆ ಹಾಕಿ ಕುಡಿಯುವ ಚಾಕಲೇಟ್ ಪುಡಿ ಬೇರೆ. ಅದರಲ್ಲಿ ಸಕ್ಕರೆಯೇ ಜಾಸ್ತಿ. ಕೇಕಿಗೆ ಬೇಕಾಗುವುದು ಸಕ್ಕರೆ ಇಲ್ಲದ, ಕಹಿ ಕೊಕ್ಕೋ ಪುಡಿ.

ಇನ್ನು ಕೇಕಿನ ಲೆಕ್ಕ. ಏಳು ಇಂಚಿನ ಎರಡು ಟಿನ್ನಿಗೆ ನಾನು ತೆಗೆದುಕೊಂಡದ್ದು ಹೀಗೆ. ಮೈದಾ 220 ಗ್ರಾಂ, ಅದಕ್ಕೆ ಕಾರ್ನ್‌ಫ್ಲೋರ್ 30 ಗ್ರಾಂ. ಉಪ್ಪಿಲ್ಲದ ಬೆಣ್ಣೆ 225 ಗ್ರಾಂ, ಪುಡಿ ಸಕ್ಕರೆ ಅಲ್ಲ, ಸಣ್ಣ ಹರಳಿನ ಸಕ್ಕರೆ 225 ಗ್ರಾಂ. ಚಿಪ್ಪು ತೆಗೆದು ತೂಗಿದರೆ 200 ಗ್ರಾಂ ಮೊಟ್ಟೆ. ಬೇಕಿಂಗ್ ಪೌಡರ್ ಎರಡು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಹಾಲು 120 ಮಿ.ಲೀ. ಕೊಕ್ಕೋ ಪುಡಿ 25 ಗ್ರಾಂ, ಅದನ್ನು ಕಲಸಲು ಬೇರೆಯೇ 45 ಮಿ.ಲೀ. ಬಿಸಿ ಹಾಲು. ವೆನಿಲ್ಲಾ ಬೀನ್ಸ್ ಎರಡು.

ಮೊಟ್ಟೆಯನ್ನು ತೂಕದಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಅತ್ತೆ ಊರುಕೋಳಿ ಮೊಟ್ಟೆಯನ್ನೂ ಕಟ್ಟಿ ಕೊಟ್ಟಿದ್ದರು. ಅವು ಫಾರಂ ಮೊಟ್ಟೆಗಿಂತ ಸಣ್ಣ. ಎಣಿಸಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಅದರ ಹಳದಿ ಭಾಗದ ಬಣ್ಣವೂ ಗಾಢ, ಹಾಗಾಗಿ ವೆನಿಲ್ಲಾ ಭಾಗ ಬಿಳಿ ಆಗದೆ ಅರಸಿನದ ಕಡೆಗೆ ಬರುತ್ತದೆ. ನನಗೆ ಆ ಬಣ್ಣವೇ ಇಷ್ಟ.

ಈ ಕೇಕಿಗೆ ಕೈಚಳಕ ಬೇಕಾಗುವುದು ಎರಡು ಕಾರಣಕ್ಕೆ. ಒಂದು ನಮ್ಮ ಸೆಕೆ. ಇನ್ನೊಂದು ಎರಡು ಹಿಟ್ಟುಗಳ ಹದ.

ಸೆಕೆಯ ಮಾತು. ಯಾವ ರೆಸಿಪಿ ನೋಡಿದರೂ ಬೆಣ್ಣೆ, ಮೊಟ್ಟೆ ಎಲ್ಲ ರೂಮ್ ಟೆಂಪರೇಚರಿಗೆ ಬರಲಿ ಎಂದು ಬರೆದಿರುತ್ತದೆ. ಬರೆದವರ ಕೋಣೆ 20 ಡಿಗ್ರಿ ಇರುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಕದ್ರಿಯ ನಮ್ಮ ಅಡುಗೆಮನೆ 32 ಡಿಗ್ರಿ. ಅದರ ಮೇಲೆ ಕಡಲಿನ ತೇವ. ಅವರು ಹೇಳಿದ ಹಾಗೆ ಒಂದು ಗಂಟೆ ಹೊರಗಿಟ್ಟರೆ ಬೆಣ್ಣೆ ತಟ್ಟೆಯಲ್ಲಿ ಹರಡಿ ಕೂತಿರುತ್ತದೆ. ಕರಗುತ್ತಾ ಬಂದ ಬೆಣ್ಣೆಯನ್ನು ಎಷ್ಟು ಬೀಟ್ ಮಾಡಿದರೂ ಕೇಕ್ ಹಗುರ ಆಗುವುದಿಲ್ಲ. ಏಕೆಂದರೆ ಸಕ್ಕರೆಯ ಹರಳುಗಳು ಬೆಣ್ಣೆಯನ್ನು ಗೀರಿ ಗೀರಿ ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಕೂರಿಸುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ. ಇರುವ ಗುಳ್ಳೆಯನ್ನೇ ದೊಡ್ಡದು ಮಾಡುತ್ತದೆ. ಗುಳ್ಳೆ ಹಿಡಿದಿಡಲು ಬೆಣ್ಣೆ ಗಟ್ಟಿಯೂ ಇರಬಾರದು, ಎಣ್ಣೆಯೂ ಆಗಿರಬಾರದು.

ಹಾಗಾಗಿ ನಾನು ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು, ಸಣ್ಣ ತುಂಡು ಮಾಡಿ, ಹತ್ತು ನಿಮಿಷ ಮಾತ್ರ ಬಿಟ್ಟೆ. ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹೊಳೆಯಬಾರದು. ಮೊಟ್ಟೆಯನ್ನೂ ಅಷ್ಟೇ ಹೊತ್ತು ಮುಂಚೆ ಹೊರಗಿಟ್ಟೆ, ಸ್ವಲ್ಪ ತಂಪು ಇರುವಾಗಲೇ ಬಳಸಿದೆ. ಬೀಟ್ ಮಾಡುವ ಪಾತ್ರೆಯ ಕೆಳಗೆ ಅಗಲ ಬೋಗುಣಿಯಲ್ಲಿ ತಣ್ಣೀರು ಇಟ್ಟೆ. ಫ್ಯಾನ್ ಹಾಕಿಕೊಂಡೆ. ಬೀಟರ್ ತಿರುಗುವಾಗಲೂ ಬಿಸಿ ಹುಟ್ಟುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ವೆನಿಲ್ಲಾವನ್ನು ಈ ಹಂತದಲ್ಲೇ ಹಾಕಿದೆ. ಬೀನ್ಸನ್ನು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಲ್ಲಿ ಒಳಗಿನ ಕಪ್ಪು ಬೀಜ ಕೆರೆದು ಬೆಣ್ಣೆಗೆ. ಕೊಬ್ಬಿನಂಶ ಪರಿಮಳವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಖಾಲಿ ಸಿಪ್ಪೆಯನ್ನು ಎಸೆಯಬಾರದು. ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟರೆ ತಿಂಗಳವರೆಗೆ ಸಕ್ಕರೆ ಘಮಘಮ. ಬಾಟಲಿಯಲ್ಲಿ ಸಿಗುವ ಕೃತಕ ಎಸೆನ್ಸಿನಲ್ಲಿ ಮುಖ್ಯವಾಗಿ ವೆನಿಲಿನ್ ಎಂಬ ಒಂದೇ ವಸ್ತು ಇರುತ್ತದೆ. ನಿಜವಾದ ಬೀನ್ಸಿನಲ್ಲಿ 200ಕ್ಕೂ ಜಾಸ್ತಿ ಪರಿಮಳದ ಅಂಶಗಳು. ಪಕ್ಕಪಕ್ಕ ಇಟ್ಟು ಮೂಸಿದರೆ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ನನ್ನ ಮಗಳಿಗೆ ಗೊತ್ತಾಯಿತು. "ಇದರಲ್ಲಿ ಹೊಗೆಯದ್ದೂ ದ್ರಾಕ್ಷಿಯದ್ದೂ ಪರಿಮಳ ಉಂಟಮ್ಮ" ಎಂದಳು.

ಐದಾರು ನಿಮಿಷದಲ್ಲಿ ಬೆಣ್ಣೆ ಸಕ್ಕರೆ ಬೆಳ್ಳಗೆ ಉಬ್ಬಿತು. ಮೊಟ್ಟೆಯನ್ನು ಬೇರೆ ಬಟ್ಟಲಲ್ಲಿ ಒಡೆದು ಕದಡಿ, ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಒಟ್ಟಿಗೆ ಸುರಿದರೆ ಒಡೆದು ನೀರು ನೀರಾಗುತ್ತದೆ. ಮೈದಾ, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಉಪ್ಪನ್ನು ಎರಡು ಸಲ ಜರಡಿ ಹಿಡಿದು ಇಟ್ಟಿದ್ದೆ. ಅದನ್ನು ಮೂರು ಪಾಲು ಮಾಡಿ, ನಡುನಡುವೆ ಹಾಲು ಹಾಕುತ್ತಾ, ಬೀಟರ್ ಬಿಟ್ಟು ಕೈಯಲ್ಲೇ ಮಗುಚಿ ಬೆರೆಸಿದೆ. ಹಾಲಿನಲ್ಲಿ 100 ಮಿ.ಲೀ. ಮಾತ್ರ ಹಾಕಿ, 20 ಮಿ.ಲೀ. ಉಳಿಸಿಕೊಂಡೆ. ಅದು ಯಾಕೆ ಎಂಬುದೇ ಈ ಕೇಕಿನ ಮುಖ್ಯ ವಿಷಯ.

ಕಲ್ಲಡ್ಕದ ಕೆ.ಟಿ., ಅಂದರೆ ಕಲ್ಲಡ್ಕ ಟೀ, ನೀವು ಕುಡಿದಿರಬಹುದು. ಗ್ಲಾಸಿನ ಕೆಳಗೆ ಬಿಳಿ ಹಾಲು, ಮೇಲೆ ಕೆಂಪು ಚಾ ಡಿಕಾಕ್ಷನ್. ಕಲಕುವವರೆಗೂ ಎರಡೂ ಸೇರುವುದಿಲ್ಲ. ಸಕ್ಕರೆ ಹಾಕಿದ ಹಾಲು ಭಾರ, ಡಿಕಾಕ್ಷನ್ ಹಗುರ. ಅಲ್ಲಿ ಭಾರದ ವ್ಯತ್ಯಾಸವೇ ಚಂದ. ಮಾರ್ಬಲ್ ಕೇಕಿನಲ್ಲಿ ಇದರ ತಿರುಗಾಮುರುಗ. ಎರಡು ಹಿಟ್ಟಿಗೂ ಒಂದೇ ಭಾರ, ಒಂದೇ ಹದ ಇರಬೇಕು. ಚಾಕಲೇಟ್ ಹಿಟ್ಟು ಗಟ್ಟಿಯಾದರೆ ಅದು ಕೆಳಗೆ ಮುಳುಗಿ ಮುದ್ದೆಯಾಗುತ್ತದೆ. ಕತ್ತರಿಸಿದಾಗ ಅಡಿಯಲ್ಲಿ ಕಪ್ಪು, ಮೇಲೆ ಹಳದಿ. ಗೆರೆ, ಸುಳಿ ಯಾವುದೂ ಸಿಗುವುದಿಲ್ಲ. ಬೇಯುವ ಹೊತ್ತೂ ಬೇರೆ ಬೇರೆ ಆಗುತ್ತದೆ.

ಕೊಕ್ಕೋ ಪುಡಿ ನೀರು ಕುಡಿಯುವ ವಸ್ತು. ಒಣ ಪುಡಿಯನ್ನೇ ಹಿಟ್ಟಿಗೆ ಹಾಕಿದರೆ ಹಿಟ್ಟಿನ ತೇವ ಎಳೆದು ಬಿಗಿಯಾಗುತ್ತದೆ, ರುಚಿಯೂ ಮಣ್ಣು ಮಣ್ಣು. ಅದಕ್ಕೇ 25 ಗ್ರಾಂ ಪುಡಿಗೆ ಬಿಸಿ ಹಾಲು 45 ಮಿ.ಲೀ. ಹಾಕಿ, ಒಂದು ಚಮಚ ಸಕ್ಕರೆ ಸೇರಿಸಿ, ಗಂಟಿಲ್ಲದ ಹಾಗೆ ಕಲಸಿ ಪೂರ್ತಿ ಆರಿಸಿದೆ. ಬಿಸಿಯಲ್ಲಿ ಕೊಕ್ಕೋದ ಬಣ್ಣ, ವಾಸನೆ ಎರಡೂ ಬಿಡುತ್ತವೆ. ಆಮೇಲೆ ಇಡೀ ಹಿಟ್ಟನ್ನು ತೂಗಿ, ಐದರಲ್ಲಿ ಎರಡು ಪಾಲು ಬೇರೆ ಮಾಡಿ, ಅದಕ್ಕೆ ಈ ಕೊಕ್ಕೋ ಸೇರಿಸಿದೆ. ಅರ್ಧರ್ಧ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಚಾಕಲೇಟಿನ ರುಚಿ ಜೋರು, ಸಮ ಪಾಲು ಕೊಟ್ಟರೆ ವೆನಿಲ್ಲಾ ಸದ್ದೇ ಇಲ್ಲದ ಹಾಗೆ ಆಗುತ್ತದೆ. ಅತ್ತೆಯ ಒಂದು ವರ್ಷದ ಕೆಲಸ ಹಾಗೆ ಮರೆಯಾಗುವುದು ನನಗೆ ಬೇಡ.

ಉಳಿಸಿದ 20 ಮಿ.ಲೀ. ಹಾಲಿಗೆ ಈಗ ಕೆಲಸ. ಎರಡೂ ಹಿಟ್ಟನ್ನು ಚಮಚದಲ್ಲಿ ಎತ್ತಿ, ಒಟ್ಟಿಗೆ ಬಗ್ಗಿಸಿ ನೋಡಿದೆ. ವೆನಿಲ್ಲಾದ್ದು ನಿಧಾನ ಬಿತ್ತು. ಚಾಕಲೇಟಿನದ್ದು ಇನ್ನೂ ನಿಧಾನ. ಚಾಕಲೇಟಿಗೆ ಒಂದೊಂದೇ ಚಮಚ ಹಾಲು ಹಾಕುತ್ತಾ ಹೋದೆ. ಎರಡೂ ಚಮಚದಿಂದ ಒಂದೇ ಹೊತ್ತಿಗೆ ಜಾರಿ ಬಿದ್ದಾಗ ನಿಲ್ಲಿಸಿದೆ. ಉಳಿದ ಸ್ವಲ್ಪವನ್ನು ವೆನಿಲ್ಲಾಕ್ಕೆ ಹಾಕಿದೆ.

ಟಿನ್ನಿಗೆ ತುಂಬಿಸುವುದು ಅತಿ ಖುಷಿಯ ಭಾಗ. ಅಡಿಗೆ ಬಟರ್ ಪೇಪರ್ ಹಾಕಿ, ಬದಿಗೆ ಬೆಣ್ಣೆ ಸವರಿ ಇಟ್ಟಿದ್ದೆ. ಒಂದು ಚಮಚ ವೆನಿಲ್ಲಾ, ಪಕ್ಕದಲ್ಲಿ ಒಂದು ಚಮಚ ಚಾಕಲೇಟ್, ಹೀಗೆ ಚದುರಂಗದ ಮನೆಗಳ ಲೆಕ್ಕದಲ್ಲಿ. ಮೇಲಿನ ಸಾಲಿನಲ್ಲಿ ಅದಲು ಬದಲು. ಮಗಳು ವೆನಿಲ್ಲಾ ಹಾಕಿದಳು, ನಾನು ಚಾಕಲೇಟ್. ಟಿನ್ನನ್ನು ಮೆಲ್ಲ ಎರಡು ಸಲ ಕುಟ್ಟಿ, ಒಂದು ಬಿದಿರಿನ ಕಡ್ಡಿಯನ್ನು ಅಡಿಯವರೆಗೆ ಇಳಿಸಿ, ಎಂಟರ ಆಕಾರದಲ್ಲಿ ಎರಡೇ ಸುತ್ತು ಎಳೆದೆ. ಮಗಳು ಇನ್ನೂ ಎಳೆಯುತ್ತೇನೆ ಎಂದು ಕೈ ಹಾಕಿದಳು, ಬಿಡಲಿಲ್ಲ. ಕಡ್ಡಿ ಆಡಿದಷ್ಟೂ ಎರಡು ಬಣ್ಣ ಬೆರೆತು ಕೊನೆಗೆ ಬರೀ ಕಂದು ಉಳಿಯುತ್ತದೆ. ಕೈ ತಡೆಯುವುದೇ ಇಲ್ಲಿ ಕೆಲಸ.

ಇನ್ನೊಂದು ಟಿನ್ನಿಗೆ ಬೇರೆ ವಿಧಾನ. ನಡುವಿಗೆ ಎರಡು ಚಮಚ ವೆನಿಲ್ಲಾ, ಅದರ ತಲೆಯ ಮೇಲೆಯೇ ಒಂದು ಚಮಚ ಚಾಕಲೇಟ್, ಮತ್ತೆ ವೆನಿಲ್ಲಾ. ಹಿಟ್ಟು ತಾನಾಗಿ ಬದಿಗೆ ಸರಿಯುತ್ತಾ ಉಂಗುರ ಉಂಗುರ ಆಗುತ್ತದೆ. ಇದಕ್ಕೆ ಕಡ್ಡಿ ಬೇಡ. ಕತ್ತರಿಸಿದಾಗ ಹುಲಿಪಟ್ಟೆ. ನವರಾತ್ರಿಗೆ ಹುಲಿವೇಷ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಒಂದು ಪದರದಲ್ಲಿ ಸುಳಿ, ಇನ್ನೊಂದರಲ್ಲಿ ಪಟ್ಟೆ ಇರಲಿ ಎಂದು ನಾನು ಬೇಕೆಂದೇ ಹೀಗೆ ಮಾಡಿದ್ದು.

ನಮ್ಮ ಓವನ್‌ನಲ್ಲಿ ಒಂದು ಸಲಕ್ಕೆ ಒಂದೇ ಟಿನ್ನು ಹಿಡಿಯುತ್ತದೆ. ಎರಡನೆಯದು ಕಾಯಬೇಕು. 32 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾದರೆ ಬೇಕಿಂಗ್ ಪೌಡರಿನ ಶಕ್ತಿ ಸ್ವಲ್ಪ ಅಲ್ಲೇ ಮುಗಿಯುತ್ತದೆ. ಹಾಗಾಗಿ ಎರಡನೆಯ ಟಿನ್ನನ್ನು ಪೂರ್ತಿ ತುಂಬಿಸಿ ಫ್ರಿಜ್ಜಿನಲ್ಲಿ ಇಟ್ಟೆ. ಹಿಟ್ಟನ್ನು ಪಾತ್ರೆಯಲ್ಲೇ ಇಟ್ಟು ಆಮೇಲೆ ತುಂಬಿಸಿದರೆ ಒಳಗಿನ ಗಾಳಿ ಒಡೆದು ಹೋಗುತ್ತದೆ.

ಓವನ್ನಿನ ಗುಂಡಿ 170 ಎಂದರೆ ಒಳಗೆ 170 ಇರುತ್ತದೆ ಎಂದು ನಂಬಬಾರದು. ಒಳಗಿಡುವ ಒಂದು ಸಣ್ಣ ಥರ್ಮಾಮೀಟರ್ ಸಿಗುತ್ತದೆ. ಅದನ್ನು ಇಟ್ಟು ನೋಡಿದರೆ ನಮ್ಮದು 20 ಡಿಗ್ರಿ ಜಾಸ್ತಿ ತೋರಿಸುತ್ತದೆ. ನಾನು ಗುಂಡಿಯನ್ನು 150ರಲ್ಲಿ ಇಡುತ್ತೇನೆ. ಇನ್ನೊಂದು, ಟಿನ್ನಿನ ಬದಿ ಬೇಗ ಬೆಂದು ಗಟ್ಟಿಯಾಗಿ, ನಡುವಿನ ಹಿಟ್ಟು ಮೇಲೇಳುತ್ತಾ ಗುಡ್ಡ ಆಗುತ್ತದೆ. ಪದರದ ಕೇಕಿಗೆ ಗುಡ್ಡ ಬೇಡ. ಹಳೆಯ ಬೈರಾಸಿನಿಂದ (ಮೈ ಒರೆಸುವ ಟವೆಲ್) ಉದ್ದ ಪಟ್ಟಿ ಹರಿದು, ನೀರಲ್ಲಿ ನೆನೆಸಿ ಹಿಂಡಿ, ಅಲ್ಯೂಮಿನಿಯಂ ಫಾಯಿಲ್ಲಿನಲ್ಲಿ ಮಡಚಿ ಟಿನ್ನಿನ ಸುತ್ತ ಕಟ್ಟಿದೆ. ಒದ್ದೆ ಬಟ್ಟೆ ಬದಿಯನ್ನು ತಂಪಾಗಿ ಇಡುತ್ತದೆ, ಕೇಕ್ ಮಟ್ಟಸವಾಗಿ ಏಳುತ್ತದೆ. ಕಾಯುವ ಕಂಬಿಗೆ ಬಟ್ಟೆ ತಾಗದ ಹಾಗೆ ನೋಡಿಕೊಳ್ಳಲೇಬೇಕು.

ಮೂವತ್ತೈದು ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿದೆ. ಮಾರ್ಬಲ್ ಕೇಕಿನಲ್ಲಿ ಎರಡು ಕಡೆ ಚುಚ್ಚಬೇಕು, ಹಳದಿಯಲ್ಲಿ ಒಮ್ಮೆ, ಕಪ್ಪಿನಲ್ಲಿ ಒಮ್ಮೆ. ಕಪ್ಪು ಭಾಗ ತೇವ ಹಿಡಿದುಕೊಳ್ಳುವುದರಿಂದ ಸ್ವಲ್ಪ ತಡ. ಎರಡು ನಿಮಿಷ ಮತ್ತೆ ಬಿಟ್ಟೆ. ಹತ್ತು ನಿಮಿಷ ಟಿನ್ನಿನಲ್ಲೇ ಆರಿಸಿ, ಜಾಲರಿಯ ಮೇಲೆ ಬೋರಲು ಹಾಕಿದೆ. ಜಾಲರಿಯ ಕಾಲನ್ನು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿದೆ. ಮಂಗಳೂರಿನ ಇರುವೆಗಳಿಗೆ ಕೇಕ್ ತಣ್ಣಗಾಗುವಷ್ಟು ತಾಳ್ಮೆ ಇಲ್ಲ. ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಫ್ರಿಜ್ಜಿಗೆ. ಹಾಗೇ ಹೊರಗೆ ಬಿಟ್ಟರೆ ನಮ್ಮ ಗಾಳಿಯ ತೇವಕ್ಕೆ ಮೇಲ್ಮೈ ಅಂಟಂಟು ಆಗುತ್ತದೆ.

ಪದರಗಳ ನಡುವೆ ಎಂತ ಹಾಕುವುದು ಎಂದು ತುಂಬಾ ಯೋಚನೆ ಮಾಡಿದೆ. ಪೇಟೆಯ ಕೇಕುಗಳಲ್ಲಿ ಇರುವ ವಿಪ್ ಕ್ರೀಮ್ ಪುತ್ತೂರಿನವರೆಗೆ ನಿಲ್ಲುವುದಿಲ್ಲ. ಬರೀ ಬೆಣ್ಣೆ ಮತ್ತು ಐಸಿಂಗ್ ಸಕ್ಕರೆಯ ಕ್ರೀಮ್ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ, ಅಷ್ಟು ಸಿಹಿ. ಕೊನೆಗೆ ಮೈದಾ ಬೇಯಿಸಿ ಮಾಡುವ ಹಳೆಯ ಕ್ರೀಮನ್ನು ಮಾಡಿದೆ. 200 ಮಿ.ಲೀ. ಹಾಲಿಗೆ 30 ಗ್ರಾಂ ಮೈದಾ ಗಂಟಿಲ್ಲದ ಹಾಗೆ ಕದಡಿ, 120 ಗ್ರಾಂ ಸಕ್ಕರೆ, ಒಂದು ಬೀನ್ಸಿನ ಬೀಜ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕಾಯಿಸಿದೆ. ಹಿಟ್ಟು ಕಾಯಿಸಿ ಮಾಡುವ ಮಣ್ಣಿಯಷ್ಟು ದಪ್ಪಕ್ಕೆ ಬಂದಾಗ ಇಳಿಸಿ, ಮೇಲೆ ಕೆನೆ ಕಟ್ಟದ ಹಾಗೆ ಹಾಳೆ ಮುಚ್ಚಿ, ಪೂರ್ತಿ ತಣ್ಣಗೆ ಮಾಡಿದೆ. ಬೇರೆ ಪಾತ್ರೆಯಲ್ಲಿ 150 ಗ್ರಾಂ ಬೆಣ್ಣೆಯನ್ನು ಬೆಳ್ಳಗೆ ಬೀಟ್ ಮಾಡಿ, ಇದನ್ನು ಚಮಚ ಚಮಚ ಸೇರಿಸಿದೆ. ನುಣ್ಣಗೆ, ಹಗುರ, ಸಿಹಿ ಹಿತ. ಕಪ್ಪು ಬೀಜದ ಚುಕ್ಕಿಗಳು ಬಿಳಿಯ ಮೇಲೆ ಎದ್ದು ಕಾಣುತ್ತಿದ್ದವು. ಆ ಚುಕ್ಕಿಗಳನ್ನು ನೋಡಿ ನನಗೆ ಆದ ಸಂತೋಷ ಹೇಳಿ ಮುಗಿಯುವುದಿಲ್ಲ.

ಮೇಲಕ್ಕೆ ಗನಾಶ್. 200 ಗ್ರಾಂ ಡಾರ್ಕ್ ಚಾಕಲೇಟಿಗೆ 100 ಗ್ರಾಂ ಬಿಸಿ ಮಾಡಿದ ಫ್ರೆಶ್ ಕ್ರೀಮ್. ಸಮ ಸಮ ಹಾಕಿದರೆ ನಮ್ಮ ಸೆಕೆಗೆ ಹರಿಯುತ್ತದೆ, ಎರಡಕ್ಕೆ ಒಂದು ಸರಿ. ಚಾಕಲೇಟ್ ಕೊಳ್ಳುವಾಗ ಹಿಂದಿನ ಚೀಟಿ ಓದಬೇಕು. ಕಾಂಪೌಂಡ್ ಎಂದು ಇದ್ದರೆ ಅದರಲ್ಲಿ ಕೊಕ್ಕೋದ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಸೆಕೆಯನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಬಾಯಲ್ಲಿ ಮೇಣದ ಹಾಗೆ ಉಳಿಯುತ್ತದೆ. ಕೊಕ್ಕೋದ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ನಮ್ಮ ಬಾಯಿಯ ಬಿಸಿಗಿಂತ ಸ್ವಲ್ಪ ಕಡಿಮೆ. ಚಾಕಲೇಟಿನ ಸುಖ ಇರುವುದೇ ಅಲ್ಲಿ. ಕೊಕ್ಕೋ ಬೆಳೆಯುವವರ ಮನೆಗೆ ಕಾಂಪೌಂಡ್ ತೆಗೆದುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ.

ಮರುದಿನ ತಣ್ಣಗಿದ್ದ ಕೇಕಿನ ಮೇಲ್ಮೈಯನ್ನು ಬ್ರೆಡ್ಡಿನ ಗರಗಸ ಚಾಕುವಲ್ಲಿ ತೆಳುವಾಗಿ ಕೊಯ್ದು ಮಟ್ಟ ಮಾಡಿದೆ. ಬೈರಾಸಿನ ದಯೆಯಿಂದ ಕೊಯ್ಯಲು ಹೆಚ್ಚು ಇರಲಿಲ್ಲ. ಪಟ್ಟೆಯ ಪದರ ಕೆಳಗೆ, ಅದರ ಮೇಲೆ ವೆನಿಲ್ಲಾ ಕ್ರೀಮ್, ಅದರ ಮೇಲೆ ಸುಳಿಯ ಪದರ. ಬದಿಗೆ ಉಳಿದ ಕ್ರೀಮನ್ನು ತೆಳುವಾಗಿ ಸವರಿ ಕೆರೆದೆ, ಒಳಗಿನ ಕೇಕ್ ಅಲ್ಲಲ್ಲಿ ಕಾಣುವಷ್ಟು. ಮೇಲೆ ಗನಾಶ್ ಸುರಿದು, ಅದು ಆರುವ ಮೊದಲೇ ಕ್ರೀಮಿನ ಕೆಲವು ಹನಿ ಇಟ್ಟು ಕಡ್ಡಿಯಲ್ಲಿ ಎಳೆದೆ. ಮತ್ತೆ ಫ್ರಿಜ್ಜಿಗೆ, ಇಡೀ ರಾತ್ರಿ.

ಮಂಗಳೂರಿನಿಂದ ಪುತ್ತೂರಿಗೆ 50 ಕಿಲೋಮೀಟರಿನ ಆಸುಪಾಸು. ಬಿ.ಸಿ. ರೋಡ್, ಪಾಣೆಮಂಗಳೂರಿನ ಸೇತುವೆ, ಕಲ್ಲಡ್ಕ, ಮಾಣಿಯಲ್ಲಿ ತಿರುಗಿ ಕಬಕ. ಕೇಕನ್ನು ಯಾರ ಮಡಿಲಲ್ಲೂ ಇಡಬಾರದು. ಮಡಿಲು ಓರೆ, ಮತ್ತು ಬಿಸಿ. ಕಾರಿನ ಮುಂದಿನ ಸೀಟಿನ ಕಾಲಿಡುವ ಜಾಗ ಮಟ್ಟಸ ಇರುತ್ತದೆ, ಎ.ಸಿ.ಯ ಗಾಳಿಯೂ ಬರುತ್ತದೆ. ಪೆಟ್ಟಿಗೆ ಜಾರದ ಹಾಗೆ ಅಡಿಗೆ ಒದ್ದೆ ಬಟ್ಟೆ, ಪಕ್ಕಕ್ಕೆ ಮಂಜುಗಡ್ಡೆ ಮಾಡಿದ ಎರಡು ನೀರಿನ ಬಾಟಲಿ. ರಾತ್ರಿಯಿಡೀ ತಣ್ಣಗಾದ ಬೆಣ್ಣೆ ಕ್ರೀಮ್ ಗಟ್ಟಿಯಾಗಿ ಎರಡು ಪದರವನ್ನು ಹಿಡಿದಿಟ್ಟಿತ್ತು. ಕಲ್ಲಡ್ಕದಲ್ಲಿ ಅಮ್ಮ ಕೆ.ಟಿ. ಕುಡಿಯುವ ಎಂದರು. ವಾಪಸ್ ಬರುವಾಗ ಎಂದೆ.

ತೋಟದ ಮನೆ ಮುಟ್ಟಿದ ಮೇಲೆ ಕೇಕನ್ನು ಕೂಡಲೇ ಕತ್ತರಿಸಲು ಕೊಡಲಿಲ್ಲ. ಫ್ರಿಜ್ಜಿನ ತಂಪಿನಲ್ಲಿ ಬೆಣ್ಣೆಯ ಕೇಕ್ ಗಟ್ಟಿ ಇರುತ್ತದೆ, ಪರಿಮಳವೂ ಏಳುವುದಿಲ್ಲ. ಅರ್ಧ ಗಂಟೆ ಹೊರಗಿಟ್ಟ ಮೇಲೆ, ಬಿಸಿ ನೀರಲ್ಲಿ ಅದ್ದಿ ಒರೆಸಿದ ಚಾಕುವನ್ನು ಮಾವನ ಕೈಗೆ ಕೊಟ್ಟೆ. ಮೊದಲ ತುಂಡು ಹೊರಬಂದಾಗ ಕೆಳಗೆ ಹುಲಿಪಟ್ಟೆ, ನಡುವೆ ಚುಕ್ಕಿ ಚುಕ್ಕಿಯ ಬಿಳಿ, ಮೇಲೆ ಸುಳಿ. ನಾನು ಅಂದುಕೊಂಡಿದ್ದಕ್ಕಿಂತ ಚಂದ ಬಂದಿತ್ತು. ಮಾವ ತಿನ್ನುವ ಮೊದಲು ಕನ್ನಡಕ ಹಾಕಿಕೊಂಡು ಆ ಚುಕ್ಕಿಗಳನ್ನೇ ನೋಡಿದರು.

"ಇದು ಹಟ್ಟಿಯ ಹಿಂದಿನದ್ದಾ?"

"ಹೌದು ಮಾವ. ಕಪ್ಪು ನೀವು ಕ್ಯಾಂಪ್ಕೋಗೆ ಹಾಕಿದ್ದು. ಹಳದಿ ಅತ್ತೆಯದ್ದು."

ಮಾವ ಏನೂ ಹೇಳಲಿಲ್ಲ. ಇನ್ನೊಂದು ತುಂಡು ಕತ್ತರಿಸಿ ಅತ್ತೆಯ ತಟ್ಟೆಗೆ ಹಾಕಿದರು, ತನ್ನದಕ್ಕಿಂತ ದೊಡ್ಡದು.

ಊಟದ ಮನೆಯಲ್ಲಿ ಅತ್ತೆ ನನ್ನನ್ನು ಕೂರಿಸಿಕೊಂಡು ಲೆಕ್ಕವನ್ನೆಲ್ಲ ಬರೆಸಿಕೊಂಡರು. ಅವರ ಹತ್ತಿರ ಓವನ್ ಇಲ್ಲ. ಐದು ಲೀಟರಿನ ದಪ್ಪ ಕುಕ್ಕರ್ ಇದೆ. ಅದರಲ್ಲಿ ಆಗುತ್ತದೆ ಎಂದೆ. ಅಡಿಗೆ ಒಂದಿಂಚು ಉಪ್ಪು, ಮೇಲೊಂದು ಸ್ಟ್ಯಾಂಡು. ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದು ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಟಿನ್ನು ಇಟ್ಟು, ಅತಿ ಸಣ್ಣ ಉರಿಯಲ್ಲಿ ನಲ್ವತ್ತು ನಲ್ವತ್ತೈದು ನಿಮಿಷ. ನಡುನಡುವೆ ಮುಚ್ಚಳ ತೆಗೆಯಬಾರದು. ಎಲ್ಲ ಲೆಕ್ಕವನ್ನು ಅರ್ಧ ಮಾಡಿ ಒಂದೇ ಟಿನ್ನಿಗೆ ಬರೆದುಕೊಟ್ಟೆ.

"ಬೀನ್ಸ್ ಎಷ್ಟು ಹಾಕ್ಲಿ ಹಾಗಾದ್ರೆ?" ಎಂದು ಕೇಳಿದರು.

"ಲೆಕ್ಕದ ಪ್ರಕಾರ ಒಂದು ಸಾಕು ಅತ್ತೆ."

"ಎರಡು ಹಾಕ್ತೇನೆ" ಎಂದು ಕಾಗದ ಮಡಚಿ ಹಾರ್ಲಿಕ್ಸ್ ಬಾಟಲಿಯ ಅಡಿಯಲ್ಲಿ ಇಟ್ಟರು.